ಮೂರು ಚಮಚದ ಕಾಫಿ

ಭಾನುವಾರ, ಮಾರ್ಚ್ ೧೬

ದುದ್ದದಲ್ಲಿರುವ, ಗಂಡನ ಕಡೆಯ ಮೇಘಶ್ರೀ ಅತ್ತಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚು, ಒಪ್ಪಿಕೊಂಡೆ!

ಮಾವನಿಗಿರುವ ಶುಗರ್ ನನ್ನ ಸುದರ್ಶನ್‌ಗೂ ಬರಬಾರದೆಂದು, ಮದುವೆಯಾದಾಗಿನಿಂದ ಸಕ್ಕರೆಯಿಲ್ಲದ ಕಾಫಿಯನ್ನೇ ಕೊಡುತ್ತಿದ್ದೇನೆ. ಪಾಪ, 'ಸೂಪರ್' ಎನ್ನುತ್ತಾ ಗಟಗಟ ಕುಡಿದುಬಿಡುತ್ತಾನೆ.

ಇವತ್ತು ಹೊಸ ಜೋಡಿಯೆಂದು ಅತ್ತಿಗೆ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಯಾರನ್ನೂ ಕೇಳದೆ ಅವನ ಕಾಫಿ ಲೋಟಕ್ಕೆ ಮೂರು ಚಮಚ ಸಕ್ಕರೆ ಸುರಿದರು. ನಾನು ಬೇಡವೆಂದರೆ, 'ಸುಮ್ಕಿರಮ್ಮಿ, ನಮ್ ಸುದಿ ನಾಲ್ಗೆ ನಂಗೊತ್ತಿಲ್ವಾ!' ಎಂದು ನಕ್ಕರು. ನಮ್ ಸುದಿಯಂತೆ! ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ನನ್ನ ಕಾಫಿಗೆ ಒಂದು ದಿನವೂ ಹಾಗೆ ಮುಚ್ಚಿಲ್ಲ.

ಬೈಕಿನಲ್ಲಿ ಬರುವಾಗ 'ಕೋಪ ಬಂತೇನೇ?' ಎಂದ. ಬೆನ್ನಿಗೊಂದು ಗುದ್ದು ಕೊಟ್ಟೆ.

ಸಕ್ಕರೆಯನ್ನಂತೂ ಹಾಕುವುದಿಲ್ಲ. ಆದರೆ ಆ ಮುಚ್ಚಿದ ಕಣ್ಣು ನನಗೂ ಬೇಕು. ನಾಳೆ ಲೋಟ ಕೊಡುವ ಮುಂಚೆ ಒಂದು ಮುತ್ತು ಕೊಟ್ಟುಬಿಟ್ಟರೆ...