ಉದ್ದದ ಬೆಲ್ಟು

೫ ನವೆಂಬರ್ ೨೦೦೩, ಬುಧವಾರ

ಆಫೀಸಿನಿಂದ ಬಂದದ್ದು ಆರೂವರೆಗೆ. ಇವತ್ತು ಹದಿನಾಲ್ಕು ಪತ್ರ ನೋಂದಣಿ. ಒಬ್ಬ ಸತ್ತ ಅಣ್ಣನ ಹೆಸರಲ್ಲಿ ಹೆಬ್ಬೆಟ್ಟು ಒತ್ತಲು ಬಂದಿದ್ದ. ಹೆಸರು ಕೇಳಿದೆ. ಹೇಳುವ ಮೊದಲು ಅರ್ಧ ಕ್ಷಣ ತಡ. ನನಗೆ ಅಷ್ಟು ಸಾಕು, ಹಿಡಿದೆ. ಸಾಹೇಬರು, "ಲತಾಮಣಿ ಇರೋವರೆಗೂ ಅರಸೀಕೆರೇಲಿ ಸತ್ತೋರು ಎದ್ದು ಬರಲ್ಲ" ಅಂತ ನಕ್ಕರು.

ಇವರು ಬಾಂಬೆಯಿಂದ ರಜೆಗೆ ಬಂದು ನಾಲ್ಕು ದಿನ. ಕೈಯಲ್ಲಿನ ಆ ದಪ್ಪ ವಾಚಿನ ಬೆಲ್ಟು ಕಿತ್ತುಹೋಗಿದೆ. ವಾಚಲ್ಲವಂತೆ — ಡೈವ್ ಕಂಪ್ಯೂಟರ್. ಸಮುದ್ರದಲ್ಲಿ ಎಷ್ಟು ಆಳ ಇಳಿದಿದ್ದೇವೆ, ಎಷ್ಟು ನಿಧಾನವಾಗಿ ಮೇಲೆ ಬರಬೇಕು, ಎಲ್ಲ ಹೇಳುತ್ತದಂತೆ. ನಮ್ಮ ಆಫೀಸಿಗೆ ಈ ವರ್ಷ ಬಂದ ಕಂಪ್ಯೂಟರಿಗೆ ಒಂದು ಮೇಜು ಸಾಲದು. ಇದು ಮಣಿಕಟ್ಟಿನ ಮೇಲೆ ಕೂರುತ್ತದೆ.

"ಈಗ ನಿಮ್ಮದು ಸ್ಟೋರ್ಸ್ ಕೆಲಸ ಅಲ್ವಾ? ಇನ್ನೂ ಯಾಕೆ ಇದು?" ಅಂದೆ.

"ಟೈಮೂ ತೋರಿಸುತ್ತೆ ಕಣೇ" ಅಂದರು. ಅರ್ಧ ಕ್ಷಣ ತಡ.

೬ ನವೆಂಬರ್, ಗುರುವಾರ

ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ಅಂಗಡಿಗೆ ಹೋಗಿದ್ದೆ. ಸಿದ್ದಬಸಪ್ಪನವರು ಮೂರು ಬೆಲ್ಟು ತೆಗೆದಿಟ್ಟರು. ಸ್ಟೀಲ್ ಚೈನು, ಕಂದು ಚರ್ಮದ್ದು, ಕಪ್ಪು ರಬ್ಬರಿಂದು. ರಬ್ಬರಿಂದು ನೋಡಿದರೆ ಸೈಕಲ್ ಟ್ಯೂಬು. ಆಫೀಸಿನಲ್ಲಿ ಕೂರುವ ಗಂಡಸು ಆಫೀಸರ್ ಥರ ಕಾಣಲಿ ಅಂತ ಚರ್ಮದ್ದೇ ತಂದೆ.

ನೋಡಿ ನಕ್ಕರು. "ಚರ್ಮದ್ದು ಬೇಡ ಕಣೇ, ಕೊಳೆತುಹೋಗುತ್ತೆ. ರಬ್ಬರಿಂದು ತಗೋಬೇಕು. ಉದ್ದ ಬೇರೆ ಇರ್ಬೇಕು, ಮಾಮೂಲಿದು ಸಾಲಲ್ಲ."

"ಯಾಕ್ ಸಾಲಲ್ಲ? ನಿಮ್ಮ ಕೈಯೇನು ಲೈಟ್ ಕಂಬಾನಾ?"

"ಬಿಡು, ನಾನೇ ಬಾಂಬೇಲಿ ಹಾಕಿಸ್ಕೋತೀನಿ."

ತಕ್ಷಣ ಆ ಡೈವ್ ಕಂಪ್ಯೂಟರನ್ನು ಸೂಟ್‌ಕೇಸಿಗೆ ಹಾಕಿ ಬೀಗ ತಿರುಗಿಸಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಇವರು ಬೀಗ ಹಾಕಿದ್ದು ಇದೇ ಮೊದಲು. ಕಿತ್ತುಹೋದ ಹಳೇ ಬೆಲ್ಟು ಮಾತ್ರ ಕಿಟಕಿಯ ಮೇಲೆ ಮರೆತಿದ್ದರು. ನಾನು ಮರೆಯಲಿಲ್ಲ.

೭ ನವೆಂಬರ್, ಶುಕ್ರವಾರ

ಬೆಲ್ಟಿನಲ್ಲಿ ಹನ್ನೆರಡು ತೂತು. ಸಂಜೆ ಇವರು ಟಿವಿ ನೋಡುತ್ತಿದ್ದಾಗ, "ಕೈ ಕೊಡಿ ಸ್ವಲ್ಪ" ಅಂತ ತಮಾಷೆಗೆ ಎಂಬಂತೆ ಸುತ್ತಿ ನೋಡಿದೆ. ವಾಚಿನ ಕಡೆಯಿಂದ ಎಣಿಸಿದರೆ ನಾಲ್ಕನೇ ತೂತಿಗೆ ಸರಿಯಾಗಿ ಕೂರುತ್ತದೆ. ಆದರೆ ನಾಲ್ಕನೇದು ಹೊಸದರ ಹಾಗಿದೆ. ಸವೆದಿರುವುದು ತುದಿಯ ಕಡೆಯ ಹತ್ತನೇದು — ಹರಿದು ಉದ್ದಕ್ಕಾಗಿದೆ, ಬಕಲ್ ಕೂತ ಗುರುತು ಆಳವಾಗಿ ಬಿದ್ದಿದೆ.

ಅಂದರೆ ಬೇರೆ ಯಾರೋ ಕಟ್ಟುತ್ತಾರೆ. ಇವರಿಗಿಂತ ದಪ್ಪ ಕೈ. ದಿನಾ ಕಟ್ಟುತ್ತಾರೆ.

ಹೆಂಗಸೇ? ಹೆಂಗಸಾದರೆ ಕೈ ಸಣ್ಣಗಿರಬೇಕಲ್ಲ. ದಪ್ಪ ಹೆಂಗಸು? ಬಾಂಬೆಯಲ್ಲಿ ದಪ್ಪ ಹೆಂಗಸರಿಗೇನು ಬರವೇ. ಬರೆಯಲು ನನಗೇ ನಾಚಿಕೆ. ಆದರೂ ಬರೆದೆ.

ಇದು ಹಳೇ ಕಾಲದ ಸವೆತ ಅಂತ ಸುಳ್ಳು ಹೇಳುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ ಆ ಅನಾಹುತವಾದಾಗ ಆಸ್ಪತ್ರೆಯವರು ಕತ್ತರಿಯಿಂದ ಕತ್ತರಿಸಿ ತೆಗೆದ ಆಗಿನ ಬೆಲ್ಟಿನ ತುಂಡುಗಳನ್ನು ಬಾಂಬೆಗೆ ಓಡಿಹೋದ ನಾನೇ ಕಂಡಿದ್ದೇನೆ. ಆಳದಿಂದ ಬೇಗ ಮೇಲೆ ಬಂದುಬಿಟ್ಟಿದ್ದರು. ರಕ್ತದಲ್ಲಿ ಸೋಡಾದ ಹಾಗೆ ಗುಳ್ಳೆ ಎದ್ದು ಮಂಡಿಯಲ್ಲಿ ಸಿಕ್ಕಿಕೊಂಡಿತ್ತು. ಎರಡು ದಿನ ಗಾಳಿ ಒತ್ತಿ ತುಂಬಿದ, ಕಬ್ಬಿಣದ ಡ್ರಮ್ಮಿನಂಥ ಕೋಣೆಯಲ್ಲಿ ಮಲಗಿಸಿದ್ದರು. ಇನ್ನೊಂದು ಸಲ ಇಳಿದರೆ ಬೆನ್ನುಹುರಿಗೇ ಬರಬಹುದು ಅಂದರು ಡಾಕ್ಟರು. ಇನ್ನು ಇಳಿಯಲ್ಲ ಅಂತ ಇವರು ನನ್ನ ಕೈ ಹಿಡಿದು ಮಾತು ಕೊಟ್ಟರು. ಡೈವಿಂಗ್ ಕಂಪನಿ ಇವರನ್ನು ಸ್ಟೋರ್ಸಿಗೆ, ಸಾಮಾನಿನ ಲೆಕ್ಕ ಬರೆಯಲು, ಹಾಕಿತು. ಈ ಬೆಲ್ಟು ಅದಾದ ಮೇಲಿನದು. ಇಷ್ಟೂ ಸವೆತ ಸ್ಟೋರ್ಸ್ ಕಾಲದ್ದು.

೯ ನವೆಂಬರ್, ಭಾನುವಾರ, ಹಳೇಬೀಡು

ಅತ್ತೆಯ ಮನೆ. ಇವರು ಕೆರೆ ಕಡೆ ಹೋದರು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಮೆಲ್ಲಗೆ ಬಾಯಿ ಬಿಡಿಸಲು ನೋಡಿದೆ — ಮದುವೆಗೆ ಮುಂಚೆ ಯಾರಾದರೂ… ಈಗ ಬಾಂಬೆಯಲ್ಲಿ ಯಾರಾದರೂ…

ಅತ್ತೆ ನಕ್ಕುಬಿಟ್ಟರು. "ನನ್ ಮಗನ್ಗೆ ಹೆಣ್ಣಿನ್ ಚಪಲ ಇಲ್ಲ ಕಣವ್ವ. ನೀರಿನ್ ಚಪಲ. ಹೆಣ್ಣಾದ್ರೆ ಜುಟ್ಟಿಡ್ದು ಎಳ್ದಾಕ್ಬೋದು. ನೀರ್‌ನ ಏನ್ ಮಾಡ್ತೀಯ?"

ಹಿತ್ತಲಿಂದ ನೋಡಿದೆ. ಕೆರೆಯ ಏರಿ ಇಳಿಯುವಾಗ ಇವರ ಬಲಗಾಲು ಕುಂಟುತ್ತಿತ್ತು. ನೀರಿನ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. ಅತ್ತೆಯ ಮಾತಿನಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

೧೨ ನವೆಂಬರ್, ಬುಧವಾರ

ಹಳೇ ದಾಖಲೆಯ ನಕಲಿಗೆ ಬೇಲೂರಿಗೆ ಕಳಿಸಿದ್ದರು. ಕೆಲಸ ಮುಗಿಸಿ ಹೊನ್ನಯ್ಯನವರನ್ನು ನೋಡಲು ಹೋದೆ. ಈ ಕಂಪನಿಗೆ ಸೇರುವ ಮುಂಚೆ ಇವರು ನೇವಿಯಲ್ಲಿದ್ದಾಗ ಜೊತೆಗೆ ಒಂದೇ ಹಡಗಿನಲ್ಲಿ ಡೈವರ್ ಆಗಿದ್ದವರು. ಈಗ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುತ್ತಾರೆ. ಬ್ಯಾಗಿನಿಂದ ಬೆಲ್ಟು ತೆಗೆದೆ. ಅಂಗಡಿಯಲ್ಲಿ ಇಂಥದ್ದೇ ಕೇಳಬೇಕು, ಇಷ್ಟು ಉದ್ದ ಯಾಕೆ ಅಂತ ಗೊತ್ತಾಗ್ತಿಲ್ಲ ಅಂದೆ. ಸುಳ್ಳಿನ ಧ್ವನಿ ನನಗೂ ಬರುತ್ತದೆ.

"ಉದ್ದ ಇರ್ಬೇಕು ಲತಮ್ಮ. ಬರೀ ಕೈಗಲ್ಲ, ರಬ್ಬರ್ ಸೂಟಿನ್ ಮೇಲೆ ಕಟ್ಟೋದು. ಸೂಟು ಇಷ್ಟು ದಪ್ಪ ಇರ್ತೈತೆ. ಇಕ್ಕಾ, ಈ ತೂತು ನೋಡಿ, ಸೂಟಿಂದು. ಏನ್ ಸವ್ಸವ್ನೆ ನಮ್ ಉಮಾಶಂಕರ! ದಿನಾ ಇಳೀತಾವ್ನೆ ಅನ್ನು…"

ಅಲ್ಲಿಗೆ ನಿಲ್ಲಿಸಿದರು. ನನ್ನ ಮುಖ ನೋಡಿದರು. ಬಂದೂಕನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

ದಪ್ಪ ಕೈಯವರು ಯಾರೂ ಇಲ್ಲ. ಇವರೇ.

ಹೊಸ ಬೆಲ್ಟು ಹಾಕಿಸದೇ ಇದ್ದರೆ ಅಂತ ಕೇಳಿದೆ. "ಅಂಗ್ ಮಾತ್ರ ಮಾಡ್ಬೇಡ ತಾಯಿ. ಅದಿಲ್ದೆ ಇಳ್ಯೋದು ಅಂದ್ರೆ ಬ್ರೇಕಿಲ್ದೆ ಘಾಟಿ ಇಳ್ದಂಗೆ" ಅಂದರು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅರಸೀಕೆರೆವರೆಗೂ ಆ ಹತ್ತನೇ ತೂತನ್ನೇ ನೋಡುತ್ತಾ ಕೂತೆ.

೧೬ ನವೆಂಬರ್, ಭಾನುವಾರ

ಮೂರು ದಿನ ಬರೆಯಲಿಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಪಕ್ಕ ಬೆಲ್ಟು ಇಟ್ಟೆ. ಹತ್ತನೇ ತೂತಿನ ಮೇಲೆ ಬೆರಳು ಇಟ್ಟೆ. ಇವರು ಉಪ್ಪಿಟ್ಟು ಪೂರ್ತಿ ತಿಂದರು. ಆಮೇಲೆ ಹೇಳಿದರು.

ಸ್ಟೋರ್ಸಿನಲ್ಲಿ ಇದ್ದದ್ದು ನಾಲ್ಕೇ ತಿಂಗಳಂತೆ. ತಾವೇ ಕೇಳಿಕೊಂಡು ಮತ್ತೆ ಇಳಿದರಂತೆ. ಬಂದರಿನಲ್ಲಿ ಹಡಗಿನ ತಳ ಕೆರೆಯುವುದು, ಬಂದರು ದಾಟಿ ಸಮುದ್ರದ ಆಳದಲ್ಲಿ ಎಣ್ಣೆ ಪೈಪ್ ನೋಡುವುದು.

"ಡಾಕ್ಟರ್ ಏನಂದಿದ್ರು ಜ್ಞಾಪಕ ಐತಾ ನಿಮ್ಗೆ?" ಕೋಪ ಬಂದರೆ ನನಗೆ ನಮ್ಮೂರ ಮಾತೇ ಬರುವುದು.

"ಕೆಳಗಿದ್ದಾಗ ಮಂಡಿ ನೋಯಲ್ಲ ಕಣೇ ಲತಾ. ಒಂದು ಚೂರೂ ನೋಯಲ್ಲ. ಮೇಲೆ ಬಂದ್ರೆ ಶುರು."

"ನಾನು ಬೆಲ್ಟು ತರೋದೇ ಇಲ್ಲ."

"ಹಂಗೇ ಇಳೀತೀನಿ."

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹೆಂಗಸಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾಂಬೆಗೆ ಹೋಗಿ ಜಗಳವಾಡಿ ಬರುತ್ತಿದ್ದೆ.

ಮಧ್ಯಾಹ್ನ ತಾವೇ ಬಂದು ಹೇಳಿದರು: ಇನ್ನು ಪೈಪ್ ಕೆಲಸಕ್ಕೆ ಹೋಗಲ್ಲ. ಬರೀ ಬಂದರು, ಹಡಗಿನ ತಳ. ಹನ್ನೆರಡು ಮೀಟರ್ ದಾಟಲ್ಲ. ನಂಬಿದೆನೋ ಇಲ್ಲವೋ ಗೊತ್ತಿಲ್ಲ. ಹೂಂ ಅಂದೆ.

೧೯ ನವೆಂಬರ್, ಬುಧವಾರ

ಸೋಮವಾರ ನಾನೇ ಹೋಗಿ ಹೇಳಿಬಂದಿದ್ದಕ್ಕೆ ಸಿದ್ದಬಸಪ್ಪನವರು ಬೆಂಗಳೂರಿಂದ ಎರಡು ಉದ್ದದ್ದು ತರಿಸಿದ್ದರು. "ಯಾರಮ್ಮ, ಪೈಲ್ವಾನ್ರ ಕೈಗಾ?" ಅಂದರು. ನಗಲಿಲ್ಲ ನಾನು. ಒಂದು ರಬ್ಬರಿಂದು: ಎರಡು ತುಂಡು, ಎರಡೂ ಕಡೆ ಪಿನ್ನು. ಒಂದು ಪಿನ್ನು ಹಾರಿದರೆ ಕಂಪ್ಯೂಟರು ನೀರುಪಾಲು. ಇನ್ನೊಂದು ಮಿಲಿಟರಿಯವರ ಹಾಗಿನ ನೈಲಾನ್ ಪಟ್ಟಿ: ಉದ್ದಕ್ಕೂ ಒಂದೇ ತುಂಡು, ಕಂಪ್ಯೂಟರಿನ ಅಡಿಯಿಂದ ತೂರಿ ಬರುತ್ತದೆ. ಒಂದು ಪಿನ್ನು ಹೋದರೂ ಇನ್ನೊಂದು ಹಿಡಿದಿರುತ್ತದೆ. ಹೊಲಿಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಜಗ್ಗಿದೆ. ಹಲ್ಲಿನಲ್ಲಿ ಕಚ್ಚಿ ಎಳೆದೆ.

"ಹಂಗ್ ಎಳದ್ರೆ ಎಮ್ಮೇನೂ ಬತ್ತದೆ ಬಿಡಿ ತಾಯಿ!"

ನೈಲಾನೇ ತಂದೆ. ಸ್ವೆಟರಿನ ಮೇಲೆ ಕಟ್ಟಿ ನೋಡಿದರು. ನಾನೇ ಬಕಲ್ ಹಾಕಿದೆ. ಇವರ ಮುಖ ಅರಳಿಹೋಯಿತು. ನಾನು ಕೇಳದಿದ್ದರೂ ಹೇಳುತ್ತಾ ಹೋದರು — ಕೆಳಗೆ ಹೋದ ಹಾಗೆ ನೀರು ಒತ್ತಿ ಸೂಟು ತೆಳ್ಳಗಾಗುತ್ತೆ, ಬೆಲ್ಟು ಸಡಿಲ ಆಗುತ್ತೆ, ಅಲ್ಲೇ ಬಿಗಿ ಮಾಡ್ಕೋಬೇಕು. "ಹತ್ತು-ಹನ್ನೆರಡು ಮೀಟರಿಗೆ ಎರಡು ತೂತು. ಮೂವತ್ತು ದಾಟಿದ್ರೆ ನಾಲ್ಕು." ಎರಡು ವರ್ಷದಿಂದ ಇವರನ್ನು ಇಷ್ಟು ಖುಷಿಯಾಗಿ ನೋಡಿರಲಿಲ್ಲ. ಅದೇ ಭಯ.

೨೧ ನವೆಂಬರ್, ಶುಕ್ರವಾರ

ಗಾಡಿ ಹತ್ತಿಸಿ ಬಂದೆ. ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾರಂತೆ.

೩೦ ನವೆಂಬರ್, ಭಾನುವಾರ, ಬೆಳಿಗ್ಗೆ ೯.೨೦

ಈಗಷ್ಟೇ ಫೋನು. ಹೋದ ವಾರ ಲೈನೇ ಸಿಗಲಿಲ್ಲವಂತೆ. ಆದದ್ದು ಆದ ಹಾಗೇ ಬರೆದಿಡುತ್ತೇನೆ.

ಎಷ್ಟು ಇಳಿದಿರಿ ಅಂದೆ. "ಹನ್ನೆರಡು, ಅಷ್ಟೇ" ಅಂದರು. ತಡವಿಲ್ಲ, ತೊದಲಿಲ್ಲ. ಧ್ವನಿಯಲ್ಲಿ ಏನೂ ಹಿಡಿಯಲಾಗಲಿಲ್ಲ. ಮನಸ್ಸು ಹಗುರವಾಯಿತು. ಅನ್ನ ಸರಿಯಾಗಿ ತಿನ್ನಿ ಅಂದೆ. ಇಡುವ ಮುಂಚೆ ಸುಮ್ಮನೆ, ನಿಜಕ್ಕೂ ಸುಮ್ಮನೆ, ಬೆಲ್ಟು ಹೇಗಿದೆ ಅಂತ ಕೇಳಿದೆ.

"ಸೂಪರ್ ಕಣೇ! ಎಲ್ರೂ ಕೇಳ್ತಾರೆ ಎಲ್ಲಿ ತಗೊಂಡೆ ಅಂತ. ನಾಲ್ಕು ತೂತು ಎಳ್ಕೊಂಡ್ರೂ ಒಂಚೂರೂ ಅಲ್ಲಾಡಲ್ಲ."

ನಾಲ್ಕಾ ಅಂದೆ.

ಆ ಕಡೆಯಿಂದ, ಅರ್ಧ ಕ್ಷಣ ತಡವಾಗಿ, "ಎರಡು ಕಣೇ, ಎರಡು" ಅಂದರು.