ಹಿಂಗಾಲಿನ ಲಾಳ

ಜನವರಿ 11, ಶನಿವಾರ

ಬೆಳಿಗ್ಗೆ ಮೂರು ಕುದುರೆಗೆ ಲಾಳ ಹೊಡೆದೆವು. ಕೊನೆಯದು ಒದೆಯಿತು, ತಾಗಲಿಲ್ಲ.

ಮಧ್ಯಾಹ್ನ ಮಾಲಿನಿ ಮೇಡಂ ಫೋನ್. ಹೋದ ವರ್ಷ ನಮ್ಮ ಅಂಗಡಿಯಿಂದ ಸವೆದ ಲಾಳಗಳನ್ನು ಚೀಲದಲ್ಲಿ ಒಯ್ದಿದ್ದ ಕಲಾವಿದೆ. ಅವುಗಳಿಂದಲೇ ಒಂದು ಕುದುರೆ ಮಾಡಿದ್ದಾರಂತೆ. ತುಮಕೂರಿನಲ್ಲಿ ಎಕ್ಸಿಬಿಷನ್, ಮುಂದಿನ ಭಾನುವಾರದವರೆಗೆ.

ಅಂಗಡಿ ಯಜಮಾನರು ಖಾದರ್ ಮಾಮು, "ನೀನೇ ಹೋಗ್ ಬಾರ್ಲಾ ತೌಹೀದ್. ನಂಗೆ ಉಸ್ರಾಡೋ ಕುದ್ರೆಗಳೇ ಸಾಕಾಗೈತೆ" ಎಂದರು.

ಜನವರಿ 12, ಭಾನುವಾರ, ಸಂಜೆ 7

ಹೋಗಿ ಬಂದೆ. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಒಂದು ಟಿವಿಯಲ್ಲಿ ಮಾರ್ಕೋನಹಳ್ಳಿ ಡ್ಯಾಮಿನ ನೀರು. ಬರೀ ನೀರು, ಸದ್ದಿಲ್ಲ. ನೋಡುತ್ತಾ ನೋಡುತ್ತಾ ರಸ್ತೆಯ ಬಸ್ಸಿನ ಸದ್ದೇ ಅದರದ್ದು ಅನ್ನಿಸಿತು. ಇನ್ನೊಂದು ದೊಡ್ಡ ಬಿಳಿ ಬಟ್ಟೆ, ಏನೂ ಬರೆದಿಲ್ಲ. ಅರ್ಥ ಆಗಲಿಲ್ಲ. ಆದರೂ ಎರಡು ಸಲ ಹೋಗಿ ನೋಡಿದೆ.

ಆಮೇಲೆ ಕುದುರೆ… ಮೈತುಂಬಾ ನಮ್ಮ ಲಾಳ. ಕುತ್ತಿಗೆ ತಿರುಗಿಸಿದ ರೀತಿ— ಈಗ ಉಸಿರು ಬಿಡುತ್ತದೆ ಅನ್ನಬೇಕು. ಒಂದು ಮುಂಗಾಲು ಎತ್ತಿದೆ. ಬಗ್ಗಿ ಗೊರಸಿನಡಿ ನೋಡಿದೆ. ಅಲ್ಲಿರುವುದು ಹಿಂಗಾಲಿನ ಲಾಳ. ಮುಂಗಾಲಿನದು ದುಂಡಗಿರುತ್ತದೆ, ಇದರ ತುದಿ ಚೂಪು. ಇಷ್ಟು ಚಂದದ ಕುದುರೆ, ನಡೆದರೆ ಕುಂಟುತ್ತದೆ.

ಮೇಡಂ ಅಲ್ಲೇ ಇದ್ದರು. ಅವರನ್ನು ದಾಟಿ ಹೊರಟೆ. ಬಾಗಿಲ ಹತ್ತಿರ ಅಭಿಪ್ರಾಯದ ಪುಸ್ತಕ. ಬರೆದಿದ್ದೆಲ್ಲ ಇಂಗ್ಲಿಷ್. ಹಿಂದೆ ಕಾಲೇಜು ಹುಡುಗಿಯರು ಕಾಯುತ್ತಿದ್ದರು. ಮುಂಗಾಲಿಗೆ ಹಿಂಗಾಲಿನ ಲಾಳ ಹಾಕಿದ್ದೀರಿ ಎಂದು ಬೇಗ ಬೇಗ ಬರೆದೆ. ಹೆಸರು ಹಾಕಲಿಲ್ಲ.

ಕುಣಿಗಲ್‌ನಲ್ಲಿ ಇಳಿದು ನಮ್ಮ ಅಂಗಡಿ ಬೋರ್ಡಿನಲ್ಲಿ 'ಲಾಳ' ಎಂದು ಓದಿದಾಗ ಗೊತ್ತಾಯಿತು. ಲಾಳ ಅಲ್ಲ, 'ಳಾಲ' ಎಂದು ಬರೆದು ಬಂದಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಅಭಿಪ್ರಾಯ ಯಾಕೆ ಬೇಕಿತ್ತು.

ಜನವರಿ 13

ಮಾಮುಗೆ ಕುದುರೆಯದ್ದು ಹೇಳಿದೆ, ಅಕ್ಷರದ್ದು ಹೇಳಲಿಲ್ಲ.

"ಏನ್ಲಾ, ತುಮ್ಕೂರಿಗೆ ಹೋಗಿ ಕುದ್ರೆ ಕಾಲು ನೋಡ್ಕೊಂಡ್ ಬಂದ್ಯಾ? ಅದು ಇಲ್ಲೇ ಇತ್ತಲ್ಲೋ."

ಜನವರಿ 17, ಶುಕ್ರವಾರ

ಮೇಡಂ ಫೋನ್ ಬಂದೇ ಬಂತು.

"ಹೆಸ್ರಿಲ್ದಿದ್ರೂ ನೀವೇ ಅಂತ ಗೊತ್ತಾಯ್ತು ತೌಹೀದ್. ಬಗ್ಗಿ ನೋಡಿದ್ದು ನೀವೊಬ್ರೇ." ನಕ್ಕರು. "ನೀವು ಅಕ್ಷರ ಹಿಂದುಮುಂದು ಮಾಡಿದೀರಿ, ನಾನು ಲಾಳ ಹಿಂದುಮುಂದು ಮಾಡಿದೀನಿ. ಸಮ ಆಯ್ತು ಬಿಡಿ. ನಾಳೆ ಬಂದು ನಂದು ಸರಿ ಮಾಡ್ಕೊಡ್ತೀರಾ?"

ಹೂಂ ಅಂದೆ. ಮಾಮು ತಾವೇ ಹುಡುಕಿ ಮುಂಗಾಲಿನ ಹಳೇ ಲಾಳ ಒಂದನ್ನು ಉಜ್ಜಿ ಇಟ್ಟರು.

ಜನವರಿ 18, ಶನಿವಾರ

ಎರಡು ನಟ್ಟು ಬಿಚ್ಚಿ ಬದಲಾಯಿಸಿದೆ. ಅಭ್ಯಾಸದ ಮೇಲೆ ಕುದುರೆಯ ಭುಜ ತಟ್ಟಿದೆ. ಯಾರೂ ನಗಲಿಲ್ಲ.

ಮೇಡಂ ಆ ಪುಸ್ತಕ ತಂದು ಪೆನ್ನು ಕೊಟ್ಟರು. "ಹಳೇದು ಹೊಡೆದಾಕ್ಬೇಡಿ, ಇರ್ಲಿ. ಕೆಳಗೆ ಹೆಸ್ರು, ಊರು, ಕೆಲ್ಸ ಬರೀರಿ."

ತೌಹೀದ್, ಕುಣಿಗಲ್ ಎಂದು ಬರೆದೆ. ಕೆಲಸ ಬರೆಯುವ ಮೊದಲು ಒಮ್ಮೆ ಕುದುರೆಯ ಕಡೆ ನೋಡಿದೆ. ಆಮೇಲೆ ನಿಧಾನವಾಗಿ— ಮುಂದೆ ಲಾ, ಹಿಂದೆ…