ಬಿಳಿ ಪುಡಿ ಬೀಳದ ಬೋರ್ಡುಗಳು

ಮಚ್ಛೆ, ಬೆಳಗಾವಿ
ರವಿವಾರ, ೧೨ ನವೆಂಬರ್ ೨೦೦೦

ಪ್ರೀತಿಯ ಸಾತವ್ವಾ,

ಹೇಗಿದ್ದೀ? ಮಗಳ ಕೈ ಹೇಗಿದೆ? ಮನಿಷಾಳಿಗೆ ಬೆರಳು ಪೂರಾ ಮಡಚಲು ಬರುತ್ತಿದೆಯೇ? ನೆಹರು ನಗರದ ಡಾಕ್ಟರು ಕೊಟ್ಟ ಮುಲಾಮು ಎರಡು ಹೊತ್ತೂ ಹಚ್ಚುತ್ತಿದ್ದೀಯಲ್ಲ? ಖಾನಾಪುರದಲ್ಲಿ ಈಗ ಥಂಡಿ ಸುರುವಾಗಿರಬೇಕು. ಎಳೆಯ ಚರ್ಮ ಥಂಡಿಗೆ ಬಿಗಿಯುತ್ತದೆ, ಅವಳಿಗೆ ಬಿಸಿನೀರೇ ಕೊಡು. ನೀವಿಬ್ಬರೂ ನಿನ್ನ ತಮ್ಮ ಬೀರಣ್ಣನ ಮನೆಗೆ ಹೋಗಿ ಆರು ತಿಂಗಳಾಯಿತು. ಇನ್ನೂ ಅವಳು ದೀಪದ ಸ್ವಿಚ್ಚು ಮುಟ್ಟುವುದಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಾನು ಆರಾಮಾಗಿದ್ದೇನೆ. ಇಸ್ತ್ರಿ ಮಾಡುವಾಗ ಸ್ವಿಚ್ ಬೋರ್ಡಿಗೆ ಬೆಂಕಿ ಹತ್ತಿ ಮನಿಷಾಳ ಕೈ ಸುಟ್ಟಿತಲ್ಲ, ಆ ಗೋಡೆಗೆ ಎರಡು ಸಲ ಸುಣ್ಣ ಹಚ್ಚಿದೆ. ಆದರೂ ಮಧ್ಯಾಹ್ನದ ಬಿಸಿಲು ಬಿದ್ದಾಗ ಒಳಗಿನ ಮಸಿ ತೆಳುವಾಗಿ ಮೂಡುತ್ತದೆ, ನೀರಿನ ತಳದಲ್ಲಿ ಯಾರೋ ಮಲಗಿದ ಹಾಗೆ.

ಕಾರ್ಖಾನೆಯ ಸುದ್ದಿ ಹೇಳಬೇಕು. ದಸರಾ ಆದಮೇಲೆ ಪೂರ್ಣಿಮಾ ಎಂಬ ಹುಡುಗಿ ಕೆಲಸಕ್ಕೆ ಸೇರಿದ್ದಾಳೆ, ರಸಾಯನಶಾಸ್ತ್ರ ಓದಿದವಳು. ನನ್ನನ್ನು ಕಾಕಾ ಅನ್ನುತ್ತಾಳೆ. ಬೋರ್ಡಿನ ಪ್ಲಾಸ್ಟಿಕ್ಕು ಬೆಂಕಿ ತಡೆಯುತ್ತದೆಯೇ ಎಂದು ನೋಡಲು ಹಳೆಯ ಸ್ಟೋರು ಖೋಲಿಯಲ್ಲಿ ಕಿಟಕಿ ಮುಚ್ಚಿ, ಗಾಳಿ ಅಲುಗದ ಹಾಗೆ ಮಾಡಿ, ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ನೆಟ್ಟಗೆ ತೂಗುಬಿಡುತ್ತಾಳೆ. ಕೆಳಗೆ ಹತ್ತಿ ಹಾಸುತ್ತಾಳೆ. ನೀಲಿ ಜ್ವಾಲೆಯನ್ನು ಪಟ್ಟಿಯ ತುದಿಗೆ ಹತ್ತು ಸೆಕೆಂಡು ಹಿಡಿದು ತೆಗೆಯುತ್ತಾಳೆ. ಸಾತವ್ವಾ, ನೀನು ಅದನ್ನು ನೋಡಬೇಕಿತ್ತು. ಜ್ವಾಲೆ ಏನನ್ನೋ ಮರೆತವರಂತೆ ಒಂದು ಗಳಿಗೆ ನಿಲ್ಲುತ್ತದೆ. ಪ್ಲಾಸ್ಟಿಕ್ಕು ಮೆಲ್ಲಗೆ ಉಬ್ಬಿ, ಕರಿ ಬುರುಗಾಗಿ, ತನ್ನನ್ನು ತಾನೇ ಹೊದ್ದುಕೊಳ್ಳುತ್ತದೆ. ಅಳುತ್ತಿದ್ದ ಮಗು ನಿದ್ದೆ ಹೋದಂತೆ ಬೆಂಕಿ ಆರುತ್ತದೆ. ಆಮೇಲೆ ಏಳುವ ಹೊಗೆ ನಸುಕಿನಲ್ಲಿ ಮಲಪ್ರಭೆಯ ಮೇಲೆ ನಿಲ್ಲುವ ಮಂಜಿನ ಹಾಗೆ. ನಿಂತು ನೋಡುತ್ತಾ ನಾನು ಯಾವ ಊರಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ.

ಎಲ್ಲಾ ನಾವು ಪ್ಲಾಸ್ಟಿಕ್ಕಿನಲ್ಲಿ ಕಲಸುವ ಬಿಳಿ ಪುಡಿಯ ಆಟ. “ಅದರಾಗ ರಂಜಕ ಐತ್ರಿ ಕಾಕಾ,” ಅಂದಳು ಪೂರ್ಣಿಮಾ. “ನಮ್ಮ ಎಲುಬಿನಾಗೂ ಅದ, ಹೊಲದ ಗೊಬ್ಬರದಾಗೂ ಅದ. ಬೆಂಕಿ ಬಂದ ಕೂಡ್ಲೇ ಪ್ಲಾಸ್ಟಿಕ್ಕಿನ ಮ್ಯಾಲ ಕರಿ ಹೊದಿಕಿ ಹೊಚ್ಚತೈತಿ.” ನಮ್ಮ ಎಲುಬಿನಲ್ಲಿರುವುದೇ ಬೆಂಕಿಗೆ ಅಡ್ಡ ನಿಲ್ಲುತ್ತದೆಯಂತೆ. ಯಾಕೋ ಆ ಮಾತು ಇಡೀ ದಿನ ನನ್ನ ಜೊತೆ ಓಡಾಡಿತು.

ಆಮೇಲೆ ಪುಡಿಯಿಲ್ಲದ ಪಟ್ಟಿಯನ್ನೂ ಸುಟ್ಟು ತೋರಿಸಿದಳು. ಅದು ಆರಲಿಲ್ಲ. ಉರಿಯುವ ಹನಿಗಳಾಗಿ ತೊಟ್ಟಿಕ್ಕಿತು, ಕೆಳಗಿನ ಹತ್ತಿ ಭಗ್ಗನೆ ಹತ್ತಿಕೊಂಡಿತು. ನನಗೆ ಹತ್ತಿ ಕಾಣಲಿಲ್ಲ, ಮನಿಷಾಳ ಕೈ ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದೆ. “ಯಾಕ್ರಿ ಕಾಕಾ? ಕುಂದರ್ರಿ, ಕುಂದರ್ರಿ,” ಎಂದು ಅವಳು ನೀರು ಕೊಟ್ಟಳು. ನೀರು ಕುಡಿದು ಹೇಳಿಬಿಟ್ಟೆ. ಈ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಮಾಡಿದ ಸ್ವಿಚ್ ಬೋರ್ಡುಗಳಿಗೆ ಪುಡಿಯೇ ಬಿದ್ದಿಲ್ಲ, ಹೆಚ್ಚಿನವು ಸಾಂಬ್ರಾ ವಿಮಾನ ನಿಲ್ದಾಣದ ಕಡೆಯ ಒಂದು ಹುಡುಗಿಯರ ಹಾಸ್ಟೆಲ್ಲಿಗೆ ಹೋಗಿವೆ, ಉಳಿದವು ಖಾನಾಪುರ ಬಜಾರದ ಒಂದು ಅಂಗಡಿಗೆ.

ಆ ಬೋರ್ಡುಗಳನ್ನು ವಾಪಸ್ ತಂದು ಹೊಸವು ಕೊಡಲು ಮಾಲಕರು ಮೊದಲು ಒಪ್ಪಲಿಲ್ಲ. “ಆಗಿದ್ದು ಆಗಿ ಹೋತು, ಯಾಕ ಕೆದಕ್ತೀರಿ?” ಅಂದರು. ಪೂರ್ಣಿಮಾ ಅವರ ಎದುರಿಗೇ ಪುಡಿಯಿಲ್ಲದ ಒಂದು ಪಟ್ಟಿ ಹೊತ್ತಿಸಿದಳು. “ಇದರ ಕೆಳಗ ನಿಮ್ಮ ಮಗಳ ಕೈ ಇಡಸ್ತೀರೇನ್ರಿ ಸಾಹೇಬ್ರ?” ಅವರು ಟೆಂಪೋದ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು.

ಎಂಟು ದಿನ ಹಾಸ್ಟೆಲ್ಲಿನಲ್ಲಿ ಬೋರ್ಡು ಬಿಚ್ಚಿದೆ, ಹೊಸವು ಕೂಡಿಸಿದೆ. ಒಂದರ ಹಿಂಭಾಗ ಕಾವಿಗೆ ಆಗಲೇ ಕಂದಿ ಬಾಗಿತ್ತು. ಅದರ ಬಾಜು ಒಬ್ಬ ಹುಡುಗಿಯ ಹಾಸಿಗೆ. “ಚಲೋ ಅದಾವಲ್ರಿ ಕಾಕಾ, ಯಾಕ ಬಿಚ್ಚಾಕತ್ತೀರಿ?” ಎಂದು ಅವಳು ಕೇಳಿದಳು. ನಾನು ಮುಂದಿನ ಸ್ಕ್ರೂ ಬಿಚ್ಚಿದೆ. ಸಂಜೆ ಮರಳುವಾಗ ಒಂದು ವಿಮಾನ ಹೊಲಗಳ ಮೇಲೆ ಸಪ್ಪಳವಿಲ್ಲದೆ ಇಳಿಯುತ್ತಿತ್ತು. ಟೆಂಪೋ ನಿಲ್ಲಿಸಿ, ಅದು ನೆಲ ಮುಟ್ಟುವವರೆಗೂ ನೋಡಿದೆ.

ಬೀರಣ್ಣನಿಗೂ ಅವನ ಮನೆಯವರಿಗೂ ನೆನೆದೆನೆಂದು ಹೇಳು. ಮನಿಷಾ ಮಲಗಿದಾಗ ಅವಳ ತಲೆಯ ಮೇಲೆ ನನ್ನ ಪಾಲಿನದೂ ಒಂದು ಕೈ ಇಡು. ದೇವರು ನಿಮ್ಮಿಬ್ಬರನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ
ಭರಮಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಪುಡಿ ಬಿದ್ದಿಲ್ಲ ಎಂದು ಬರೆದೆ, ಹಾಕದವರು ಯಾರೆಂದು ಬರೆಯಲಿಲ್ಲ. ನಾನೇ ಸಾತವ್ವಾ. ಜನವರಿಯಲ್ಲಿ ಪುಡಿ ತೀರಿದಾಗ “ಪುಡಿ ಬರೂತನಕ ಹಂಗ ನಡಸು ಭರಮಣ್ಣ” ಅಂದರು ಮಾಲಕರು, ನಾನು “ಹೂಂ ರೀ” ಅಂದೆ. ಹನ್ನೆರಡು ವರ್ಷ ಅದನ್ನು ಕಲಸಿದವನಿಗೆ ಅದು ಯಾಕೆ ಬೇಕೆಂದು ಗೊತ್ತಿರಲಿಲ್ಲವೇ? ಅದೇ ಮಾಲಿನ ಬೋರ್ಡೊಂದನ್ನು ಮನೆಗೆ ತಂದು ಗೋಡೆಗೆ ಕೂಡಿಸಿದವನೂ ನಾನೇ. ದವಾಖಾನೆಯಲ್ಲಿ ನೀನು “ಹಣೇಬರಹ” ಎಂದು ಅತ್ತಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಬರುವ ರವಿವಾರ ಖಾನಾಪುರದ ಆ ಅಂಗಡಿಗೆ ಬೋರ್ಡು ವಾಪಸ್ ತರಲು ಬರುತ್ತೇನೆ. ನನ್ನ ಮುಖ ನೋಡುವ ಮನಸ್ಸಾದರೆ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಾ. ಆಗದಿದ್ದರೆ ಬಿಡು, ನಾನು ಮತ್ತೊಂದು ರವಿವಾರ ಬರುತ್ತೇನೆ. ಆದರೆ ಅವಳಿಗೆ ನೀನು ಹೇಳಬೇಡ. ಅದನ್ನು ನಾನೇ ಹೇಳಬೇಕು.